ಅಸುಕಾದ ಹೂಗಾಲ

ಜಪಾನಿನ ವಸಂತವೆಂದೊಡನೆ ಹೊರನಾಡಿನವರ ಕಣ್ಣಮುಂದೆ ನಿಲ್ಲುವ ಚಿತ್ರ ಒಂದೇ. ಹಳೆಯ ಕೋಟೆಯ ಕಂದಕ, ಅದರ ದಡದುದ್ದಕ್ಕೂ ನಸುಗೆಂಪು ಹೂ ತುಂಬಿ ಬಾಗಿದ ಚೆರಿಮರಗಳು, ಮರಗಳ ಕೆಳಗೆ ಚಾಪೆ ಹಾಸಿ ಕುಳಿತ ಜನಸಾಗರ. ಕ್ಯಾಲೆಂಡರಿನ ಮೇಲೂ ಪ್ರವಾಸದ ಜಾಹೀರಾತಿನ ಮೇಲೂ ಅಚ್ಚಾಗುವುದು ಈ ಚಿತ್ರವೇ. ಇದು ಸುಳ್ಳೆಂದು ಯಾರೂ ಹೇಳಲಾರರು. ಆದರೆ ಇದು ಅರ್ಧಸತ್ಯ. ಹೂವನ್ನಷ್ಟೇ ನೋಡಿ ಹಿಂದಿರುಗಿದವನು ಮದುವೆಮನೆಯ ಚಪ್ಪರವನ್ನು ಬೀದಿಯಿಂದಲೇ ನೋಡಿ ಹೋದವನಂತೆ. ಕಂಬ ನೆಟ್ಟವರು ಯಾರು, ಮಾವಿನ ಸೊಪ್ಪು ತಂದವರು ಯಾರು, ಒಳಗೆ ನಡೆಯುತ್ತಿರುವುದೇನು ಎಂಬುದೊಂದೂ ಅವನಿಗೆ ತಿಳಿಯದು. ಉಳಿದರ್ಧವನ್ನೂ ಕಾಣಬೇಕೆಂಬವನು ಮಹಾನಗರದ ಉದ್ಯಾನವನ್ನು ಬಿಟ್ಟು ಒಂದು ಹಳ್ಳಿಗೆ ಹೋಗಬೇಕು. ಹೋದಮೇಲೆ ಮೋಟಾರನ್ನು ಬಿಟ್ಟು ಸೈಕಲ್ಲನ್ನು ಏರಬೇಕು.

ಸೈಕಲ್ಲೇ ಏಕೆ? ನಡಿಗೆ ಇನ್ನೂ ಉತ್ತಮವಲ್ಲವೆ ಎಂದು ಕೇಳಬಹುದು. ನಡೆಯುವವನು ಎಲ್ಲವನ್ನೂ ನೋಡುತ್ತಾನೆ, ನಿಜ. ಆದರೆ ಹೂಗಾಲದ ಹಗಲು ಚಿಕ್ಕದು. ಒಂದು ಕಣಿವೆಯ ಈ ತುದಿಯಿಂದ ಆ ತುದಿಗೆ ಹೋಗುವಷ್ಟರಲ್ಲಿ ಅವನ ಕಾಲೂ ಸೋಲುತ್ತದೆ, ಸೂರ್ಯನೂ ಇಳಿಯುತ್ತಾನೆ. ಮೋಟಾರಿನಲ್ಲಿ ಹೋಗುವವನಿಗೆ ಊರುಗಳು ಸಿಗುತ್ತವೆ, ಊರುಗಳ ನಡುವಣ ದಾರಿ ಸಿಗುವುದಿಲ್ಲ. ಸೈಕಲ್ಲಿನ ವೇಗ ಇವೆರಡರ ನಡುವಿನದು. ಗದ್ದೆಯ ಬದುವಿನ ಮೇಲೆ ಹೊರಟವನಿಗೆ ಮಣ್ಣಿನ ವಾಸನೆ ಮೂಗಿಗೆ ತಾಗುತ್ತದೆ. ಬಾನಾಡಿಯ ದನಿ ಕಿವಿಗೆ ಬೀಳುತ್ತದೆ. ಏರು ಬಂದರೆ ನೆಲ ಎತ್ತರವಾಯಿತೆಂದು ತೊಡೆಗಳೇ ಹೇಳುತ್ತವೆ. ನಿಲ್ಲಬೇಕೆನಿಸಿದರೆ ಒಂದು ಕಾಲನ್ನು ನೆಲಕ್ಕೂರಿದರಾಯಿತು. ನಿಲ್ಲಿಸಲು ಜಾಗ ಹುಡುಕಬೇಕಾಗಿಲ್ಲ, ಯಾರ ಅಪ್ಪಣೆಯೂ ಬೇಕಿಲ್ಲ. ಒಂದು ನಾಡನ್ನು ತಿಳಿಯುವುದಕ್ಕೆ ಹೀಗೆ ನಿಲ್ಲುವ ಸ್ವಾತಂತ್ರ್ಯವೇ ಮೊದಲ ಸಾಧನ.

ಜಪಾನಿನಲ್ಲಿ ಸೈಕಲ್ಲು ವಿಲಾಸದ ವಸ್ತುವಲ್ಲ. ಮಕ್ಕಳನ್ನು ಶಿಶುವಿಹಾರಕ್ಕೆ ಬಿಡುವ ತಾಯಿ, ರೈಲು ನಿಲ್ದಾಣಕ್ಕೆ ಧಾವಿಸುವ ಗುಮಾಸ್ತ, ಪ್ರೌಢಶಾಲೆಯ ವಿದ್ಯಾರ್ಥಿ, ಎಲ್ಲರೂ ಅದನ್ನು ತುಳಿಯುವವರೇ. ಮುಂದೆ ಬುಟ್ಟಿ, ಹಿಂದೆ ಕೂಸಿನ ಪೀಠ ಇರುವ ಸಾದಾ ಸೈಕಲ್ಲಿಗೆ ಅಲ್ಲಿ 'ಮಮಾಚಾರಿ', ಅಂದರೆ ಅಮ್ಮನ ಸೈಕಲ್ಲು, ಎಂದೇ ಹೆಸರು. ನಮ್ಮಲ್ಲಿರುವಂತೆ ಅಲ್ಲಿಯೂ ವಾಹನಗಳು ರಸ್ತೆಯ ಎಡಬದಿಯಲ್ಲಿಯೇ ಸಾಗುತ್ತವೆ. ೨೦೨೩ರ ಏಪ್ರಿಲಿನಿಂದ, ಯಾವ ವಯಸ್ಸಿನವರೇ ಆಗಲಿ, ಸವಾರರು ಶಿರಸ್ತ್ರಾಣ ಧರಿಸಲು ಪ್ರಯತ್ನಿಸಬೇಕೆಂದು ಕಾನೂನು ಹೇಳುತ್ತದೆ. ಮದ್ಯ ಸೇವಿಸಿ ಸೈಕಲ್ ತುಳಿಯುವುದು ಅಪರಾಧ. ಹೂಮರದ ಕೆಳಗೆ ಕುಡಿದು ಹಾಡುವ ರೂಢಿಯುಳ್ಳ ನಾಡಿನಲ್ಲಿ ಇದು ಸಣ್ಣ ವಿಷಯವಲ್ಲ.

ಇನ್ನು ಹೂವಿನ ವಿಚಾರ. ಇಂದು ಜಪಾನಿನ ಊರೂರುಗಳಲ್ಲಿ ಅರಳುವ ಚೆರಿಯ ಬಹುಪಾಲು 'ಸೊಮೆಯ್ ಯೊಶಿನೊ' ಎಂಬ ಒಂದೇ ತಳಿಯದು. ಎದೊ ಎಂದು ಕರೆಯುತ್ತಿದ್ದ ಇಂದಿನ ಟೋಕಿಯೊ ನಗರದ ಅಂಚಿನಲ್ಲಿ ಸೊಮೆಯ್ ಎಂಬ ಹಳ್ಳಿಯಿತ್ತು. ಅಲ್ಲಿನ ಸಸಿಮಾರುವ ತೋಟಗಾರರು ಹತ್ತೊಂಬತ್ತನೆಯ ಶತಮಾನದಲ್ಲಿ ಇದನ್ನು ನಾಡಿಗೆಲ್ಲ ಹರಡಿದರು. ಈ ಮರದ ಹೂವು ತನ್ನದೇ ತಳಿಯ ಪರಾಗದಿಂದ ಬೀಜ ಕಟ್ಟದು. ಆದ್ದರಿಂದ ಇದನ್ನು ಬೆಳೆಸುವ ದಾರಿ ಒಂದೇ: ಒಂದು ಮರದ ಕಡ್ಡಿಯನ್ನು ಕತ್ತರಿಸಿ ಇನ್ನೊಂದು ಬೇರಿನ ಮೇಲೆ ಕಸಿಕಟ್ಟುವುದು. ಹೀಗಾಗಿ ಉತ್ತರದಿಂದ ದಕ್ಷಿಣದವರೆಗೆ ನಿಂತಿರುವ ಲಕ್ಷಾಂತರ ಮರಗಳು ವಂಶದಲ್ಲಿ ಒಂದೇ ಮರ. ಒಂದೇ ಊರಿನ ಎಲ್ಲ ಮರಗಳೂ ಮಾತನಾಡಿಕೊಂಡಂತೆ ಒಟ್ಟಿಗೆ ಅರಳಿ, ಸುಮಾರು ಒಂದು ವಾರದೊಳಗೆ ಒಟ್ಟಿಗೆ ಉದುರುವ ಸೋಜಿಗಕ್ಕೆ ಕಾರಣ ಇದೇ. ಎಲೆ ಮೂಡುವ ಮೊದಲೇ ಹೂ ಬರುವುದರಿಂದ ಮರವೆಲ್ಲ ಹೂವಾಗಿ ಕಾಣುತ್ತದೆ. ಯಾರೋ ಕೈಯಲ್ಲಿ ಕತ್ತಿ ಹಿಡಿದು ಕಸಿ ಕಟ್ಟದಿದ್ದರೆ ಈ ತಳಿಯ ಒಂದು ಮರವೂ ನೆಲದ ಮೇಲೆ ಇರುತ್ತಿರಲಿಲ್ಲ. 'ಪ್ರಕೃತಿಯ ಕೊಡುಗೆ' ಎಂದು ಕವಿತ್ವದ ಉಬ್ಬರದಲ್ಲಿ ಹೇಳುವವರು ಇದನ್ನು ಮರೆಯುತ್ತಾರೆ.

ಅರಳುವ ದಿನವನ್ನು ಅಲ್ಲಿ ಸರಕಾರವೇ ಸಾರುತ್ತದೆ. ಹವಾಮಾನ ಇಲಾಖೆಯು ಊರಿಗೊಂದು ಮರವನ್ನು ಗುರುತಿಸಿಟ್ಟಿದೆ. ಅದರಲ್ಲಿ ಐದಾರು ಹೂ ಬಿರಿದರೆ ಹೂಗಾಲ ಆರಂಭವಾಯಿತೆಂದೂ, ನೂರಕ್ಕೆ ಎಂಬತ್ತು ಮೊಗ್ಗುಗಳು ಬಿರಿದರೆ ತುಂಬು ಹೂವಾಯಿತೆಂದೂ ಘೋಷಣೆಯಾಗುತ್ತದೆ. ಮೊಗ್ಗು ಮೂಡುವುದು ಹಿಂದಿನ ಬೇಸಗೆಯಲ್ಲೇ. ಚಳಿಗಾಲದ ಕೊರೆತ ಅದರ ನಿದ್ದೆಯನ್ನು ಮುಗಿಸಬೇಕು. ಆಮೇಲಿನ ಬಿಸಿಲು ಅದನ್ನು ಬಿಡಿಸಬೇಕು. ಬಿಸಿಲು ಬೇಗ ಬಂದರೆ ಹೂವೂ ಬೇಗ ಬರುತ್ತದೆ. ಕ್ಯೋಟೊ ನಗರದ ಚೆರಿ ಅರಳಿದ ದಿನಗಳನ್ನು ಹಳೆಯ ದಿನಚರಿಗಳಿಂದ ಕಲೆಹಾಕಿ ವಿದ್ವಾಂಸರು ಕ್ರಿ.ಶ. ೮೧೨ರವರೆಗೆ ಹಿಂದಕ್ಕೆ ಹೋಗಿದ್ದಾರೆ. ೨೦೨೧ರಲ್ಲಿ ಮಾರ್ಚ್ ೨೬ರಂದೇ ತುಂಬು ಹೂವಾಯಿತು; ಆ ಸಾವಿರದ ಇನ್ನೂರು ವರ್ಷಗಳ ಲೆಕ್ಕದಲ್ಲಿ ಅಲ್ಲಿಯವರೆಗೆ ಅಷ್ಟು ಬೇಗ ತುಂಬು ಹೂವಾದದ್ದಿರಲಿಲ್ಲ. ಏಪ್ರಿಲಿನಲ್ಲಿ ಶಾಲೆಗಳು ಆರಂಭವಾಗುವ ದೇಶ ಅದು. ಹೊಸ ಚೀಲ ಬೆನ್ನಿಗೇರಿಸಿದ ಮಗು ಹೂಮರದ ಕೆಳಗೆ ನಿಂತು ಚಿತ್ರ ತೆಗೆಸಿಕೊಳ್ಳುವುದು ಅಲ್ಲಿನ ಮನೆಮನೆಯ ಸಂಪ್ರದಾಯ. ಈಗ ಅನೇಕ ಊರುಗಳಲ್ಲಿ ಮಗು ಶಾಲೆಗೆ ಸೇರುವ ಹೊತ್ತಿಗೆ ಹೂ ಉದುರಿ ಎಲೆ ಬಂದಿರುತ್ತದೆ.

ಅರಳಿದ ಹೂವನ್ನು ಹಿಂಬಾಲಿಸಿ ಜನ ಓಡುತ್ತಾರೆ. ಒಸಾಕ ನಗರದಿಂದ ದಕ್ಷಿಣಕ್ಕೆ ಹೊರಡುವ ಒಂದು ರೈಲುದಾರಿಯ ಕೊನೆಯಲ್ಲಿ ಯೊಶಿನೊ ಬೆಟ್ಟವಿದೆ. ಸುಮಾರು ಮೂವತ್ತು ಸಾವಿರ ಚೆರಿಮರಗಳು ತಪ್ಪಲಿನಿಂದ ಶಿಖರದವರೆಗೆ ಹಂತಹಂತವಾಗಿ ಅರಳುವ ಸ್ಥಳ ಅದು. ೧೫೯೪ರಲ್ಲಿ ದಂಡನಾಯಕ ಹಿದೆಯೊಶಿ ಐದು ಸಾವಿರ ಜನರ ಪರಿವಾರದೊಡನೆ ಅಲ್ಲಿ ಹೂ ನೋಡಲು ಹೋಗಿದ್ದನಂತೆ. ಇಂದೂ ಹೂಗಾಲದಲ್ಲಿ ಆ ರೈಲಿನಲ್ಲಿ ಕಾಲಿಡಲು ಎಡೆಯಿರುವುದಿಲ್ಲ. ಆದರೆ ಬೆಟ್ಟಕ್ಕೆ ಹೋಗುವ ಮೊದಲು ಅದೇ ದಾರಿಯಲ್ಲಿ ಅಸುಕಾ ಎಂಬ ಪುಟ್ಟ ನಿಲ್ದಾಣ ಬರುತ್ತದೆ. ಹೂವಿನ ಯಾತ್ರಿಕರಲ್ಲಿ ಹೆಚ್ಚಿನವರು ಅಲ್ಲಿ ಇಳಿಯುವುದಿಲ್ಲ. ಇಳಿದವರಿಗಾಗಿ ನಿಲ್ದಾಣದ ಎದುರಿನಲ್ಲೇ ಬಾಡಿಗೆ ಸೈಕಲ್ಲಿನ ಅಂಗಡಿಗಳಿವೆ. ಮೂವತ್ತು ಸಾವಿರ ಮರಗಳ ಬೆಟ್ಟಕ್ಕಿಂತ ಈ ಊರೇ ಹೂಗಾಲವನ್ನು ಚೆನ್ನಾಗಿ ಬಲ್ಲದೆಂದರೆ ಅತಿಶಯವಾಗದು.

ಅಸುಕಾ ಇಂದು ಐದು ಸಾವಿರದಷ್ಟು ಜನರಿರುವ ಹಳ್ಳಿ. ಆದರೆ ಆರನೆಯ ಶತಮಾನದ ಕೊನೆಯಿಂದ ಏಳನೆಯ ಶತಮಾನದ ಕೊನೆಯವರೆಗೆ ಜಪಾನಿನ ಅರಮನೆಗಳು ಬಹುಮಟ್ಟಿಗೆ ಇದ್ದದ್ದು ಇದೇ ಕಣಿವೆಯಲ್ಲಿ. ಬೌದ್ಧಧರ್ಮ ಬೇರುಬಿಟ್ಟದ್ದು, ಚೀನಾದ ಮಾದರಿಯ ರಾಜ್ಯಾಡಳಿತ ಮೊಳೆತದ್ದು ಇಲ್ಲಿಯೇ. ಅರಮನೆಗಳು ಮರದವು, ಅವೆಲ್ಲ ಮಣ್ಣಾದವು. ಅವುಗಳ ಮೇಲೆ ಗದ್ದೆಗಳು ಹರಡಿದವು. ಕಲ್ಲು ಮಾತ್ರ ಉಳಿಯಿತು.

ನಿಲ್ದಾಣದಿಂದ ಹೊರಟ ಸವಾರನಿಗೆ ಮೊದಲು ಎದುರಾಗುವುದು ತಕಮತ್ಸುಜುಕ ಎಂಬ ಹುಲ್ಲಿನ ದಿಬ್ಬ. ೧೯೭೨ರ ಮಾರ್ಚಿಯಲ್ಲಿ ಈ ದಿಬ್ಬದೊಳಗಿನ ಕಲ್ಲಿನ ಸಮಾಧಿಕೋಣೆಯನ್ನು ತೆರೆದಾಗ ಬಣ್ಣಬಣ್ಣದ ಉಡುಪಿನ ಸ್ತ್ರೀಯರ ಚಿತ್ರಗಳು ಸಾವಿರದ ಮುನ್ನೂರು ವರ್ಷಗಳ ಕತ್ತಲೆಯಿಂದ ಹೊರಬಂದವು. ಇಡೀ ದೇಶ ಸಂಭ್ರಮಿಸಿತು. ಚಿತ್ರಗಳನ್ನು ಉಳಿಸಬೇಕೆಂದು ಕೋಣೆಯನ್ನು ಮುಚ್ಚಿ, ತಜ್ಞರು ಮಾತ್ರ ಒಳಹೋಗುವಂತೆ ಏರ್ಪಾಡು ಮಾಡಿದರು. ಆದರೂ ಗೋಡೆಗಳಿಗೆ ಬೂಷ್ಟು ಹಿಡಿಯಿತು. ಕೊನೆಗೆ ೨೦೦೭ರಲ್ಲಿ ಕಲ್ಲಿನ ಕೋಣೆಯನ್ನೇ ಬಿಚ್ಚಿ ಹೊರತೆಗೆದು ಚಿಕಿತ್ಸೆ ನಡೆಸಬೇಕಾಯಿತು. ಇಂದು ದಿಬ್ಬವಿದೆ, ಒಳಗೆ ಚಿತ್ರವಿಲ್ಲ. ಸುಂದರವಾದುದನ್ನು ಮೆಚ್ಚುವುದು ಸುಲಭ, ಕಾಪಾಡುವುದು ಮಾತ್ರ ಬೇರೆಯೇ ವಿದ್ಯೆ ಎಂಬುದಕ್ಕೆ ಆ ಬರಿದಾದ ದಿಬ್ಬವೇ ಸಾಕ್ಷಿ.

ಅಲ್ಲಿಂದ ಮುಂದೆ ದಾರಿ ಕಿರಿದಾಗುತ್ತದೆ. ಎರಡು ಕಡೆಯೂ ಗದ್ದೆ. ನಾಟಿಯ ಕಾಲ ಜೂನ್ ತಿಂಗಳು. ಆದ್ದರಿಂದ ಹೂಗಾಲದ ಗದ್ದೆಯಲ್ಲಿ ಹಸಿರು ಪೈರಿಲ್ಲ. ಕೆಲವು ಹೊಲಗಳನ್ನು ಉತ್ತಿಟ್ಟಿರುತ್ತಾರೆ. ಕೆಲವೆಡೆ 'ರೆಂಗೆ' ಎಂಬ ನೇರಳೆಗೆಂಪು ಹೂವಿನ ಗಿಡವನ್ನು ಹಸಿರುಗೊಬ್ಬರಕ್ಕಾಗಿ ಬೆಳೆಸುತ್ತಾರೆ. ಬದುಗಳಲ್ಲಿ ಸಾಸಿವೆಯ ಬಳಗದ ಹಳದಿ ಹೂ. ಚೆರಿಮರಗಳು ಇಲ್ಲಿ ಸಾಲುಗಟ್ಟಿ ನಿಂತಿಲ್ಲ: ಒಂದು ಕೆರೆಯ ಏರಿಯ ಮೇಲೆ, ಇನ್ನೊಂದು ಸ್ಮಶಾನದ ಮೂಲೆಯಲ್ಲಿ, ಮತ್ತೊಂದು ಯಾರದೋ ಕೊಟ್ಟಿಗೆಯ ಹಿಂದೆ. ಹೀಗೆ ಚದರಿ ನಿಂತ ಮರ ಕಾಣುವುದು ಮೊದಲು ದೂರದ ಬಿಳಿಯ ಹೊಗೆಯಂತೆ. ಹತ್ತಿರ ಹೋದಂತೆ ಅದು ಮರವಾಗುತ್ತದೆ. ಕೆಳಗೆ ಹಾಯುವಾಗ ಹೂವಾಗುತ್ತದೆ. ಬೆನ್ನ ಹಿಂದೆ ಬಿದ್ದಾಗ ಮತ್ತೆ ಹೊಗೆ. ಉದ್ಯಾನದಲ್ಲಿ ಸಾವಿರ ಮರಗಳ ನಡುವೆ ನಿಂತವನಿಗೆ ಈ ಅನುಭವವಿಲ್ಲ. ಅಲ್ಲಿ ಹೂವಿನ ಪಕ್ಕದಲ್ಲಿ ಹೂವೇ ಇರುವುದರಿಂದ, ಸ್ವಲ್ಪ ಹೊತ್ತಿನಲ್ಲೇ ಕಣ್ಣು ಎಣಿಸುವುದನ್ನು ಬಿಟ್ಟುಬಿಡುತ್ತದೆ.

ಹಾದಿಯ ಬದಿಯಲ್ಲಿ ಅಲ್ಲಲ್ಲಿ ಮಾರುವವನಿಲ್ಲದ ಪುಟ್ಟ ಅಂಗಡಿಗಳು. ಹಲಗೆಯ ಮೇಲೆ ಮೂಲಂಗಿ, ಈರುಳ್ಳಿ. ಪಕ್ಕದಲ್ಲಿ ನಾಣ್ಯ ಹಾಕುವ ಡಬ್ಬಿ. ಈ ಸೀಮೆಯಲ್ಲಿ ಬೆಳೆಯುವ ಸ್ಟ್ರಾಬೆರಿಯ ಒಂದು ತಳಿಗೆ 'ಅಸುಕಾ ರೂಬಿ' ಎಂದೇ ಹೆಸರಿಟ್ಟಿದ್ದಾರೆ. ಗದ್ದೆಗಳ ನಡುವೆಯೇ ಆಮೆಯ ಮುಖ ಕೆತ್ತಿದ ಒಂದು ಹೆಬ್ಬಂಡೆ ಬಿದ್ದುಕೊಂಡಿದೆ. ಕೆತ್ತಿದವರು ಯಾರೋ, ಏಕೋ, ಯಾರೂ ಅರಿಯರು. ಈ ಆಮೆ ಹಿಂದೆ ಬೇರೆ ದಿಕ್ಕಿಗೆ ಮುಖಮಾಡಿತ್ತಂತೆ, ಈಗ ನೈಋತ್ಯಕ್ಕೆ ತಿರುಗಿದೆಯಂತೆ. ಪೂರ್ತಿ ಪಶ್ಚಿಮಕ್ಕೆ ತಿರುಗಿದ ದಿನ ಈ ಬಯಲೆಲ್ಲ ಕೆಸರಿನ ಕಡಲಾಗುವುದಂತೆ. ಕಥೆಯನ್ನು ನಂಬದವರೂ ಸೈಕಲ್ಲಿನಿಂದಿಳಿದು ಆಮೆಯ ಮೂತಿ ಎತ್ತ ಇದೆಯೆಂದು ಒಮ್ಮೆ ನೋಡಿಯೇ ಮುಂದೆ ಹೋಗುತ್ತಾರೆ!

ಕಣಿವೆಯ ಒಳಗೆ ಇಶಿಬುತಾಯ್ ಇದೆ. ಹೆಸರಿನ ಅರ್ಥ ಕಲ್ಲಿನ ರಂಗಸ್ಥಳ. ಇದು ಏಳನೆಯ ಶತಮಾನದ ಸಮಾಧಿ. ೬೨೬ರಲ್ಲಿ ತೀರಿಕೊಂಡ ಸೊಗ ನೊ ಉಮಾಕೊ ಎಂಬ ಪ್ರಬಲ ಮಂತ್ರಿಯದೆಂದು ಬಹುಜನರ ಊಹೆ. ಮೇಲಿನ ಮಣ್ಣಿನ ದಿಬ್ಬ ಎಂದೋ ಕರಗಿಹೋಗಿ ಸುಮಾರು ಮೂವತ್ತು ಬಂಡೆಗಳ ಕೋಣೆ ಬಯಲಿಗೆ ಬಿದ್ದಿದೆ. ಮೇಲ್ಚಾವಣಿಯ ಒಂದು ಕಲ್ಲಿನ ತೂಕವೇ ಎಪ್ಪತ್ತು ಟನ್ನಿಗೂ ಮಿಗಿಲು. ಸುತ್ತ ಹುಲ್ಲುಹಾಸು, ಅದರಂಚಿಗೆ ಚೆರಿಮರಗಳು. ಅಸುಕಾದಲ್ಲಿ ಜನ ಕೂಡುವ ಸ್ಥಳವೆಂದರೆ ಇದೇ. ಕಪ್ಪು ಬಂಡೆಯ ಮೇಲೆ ಎಸಳು ಬೀಳುವ ನೋಟವನ್ನು ಹೀಗಳೆಯುವಂತಿಲ್ಲ. ಆದರೆ ಇಲ್ಲಿ ಸಮಾಧಿಯಾದ ಮಂತ್ರಿಯ ಕಾಲದವರು ಈ ಹೂವನ್ನು ಇಂದಿನವರಂತೆ ಕೊಂಡಾಡುತ್ತಿದ್ದರೇ ಎಂಬುದು ಸಂಶಯಾಸ್ಪದ. ಎಂಟನೆಯ ಶತಮಾನದಲ್ಲಿ ಸಂಕಲಿತವಾದ 'ಮನ್ಯೋಶು' ಎಂಬ ಜಪಾನಿನ ಅತ್ಯಂತ ಹಳೆಯ ಪದ್ಯಸಂಗ್ರಹದಲ್ಲಿ ಚೀನಾದಿಂದ ಬಂದ 'ಉಮೆ'ಯ ಹೂವಿಗೆ ದೊರೆತ ಮನ್ನಣೆಯ ಅರ್ಧದಷ್ಟೂ ಚೆರಿಗೆ ದೊರೆತಿಲ್ಲ. ಅರಮನೆಯವರು ಚೆರಿಯ ಕೆಳಗೆ ಔತಣ ನಡೆಸಿದ ಮೊದಲ ದಾಖಲೆ ೮೧೨ನೆಯ ವರ್ಷದ್ದು, ಕ್ಯೋಟೊ ನಗರದ್ದು. ಜನಾಂಗದ ರಕ್ತದಲ್ಲೇ ಹರಿದುಬಂದ ಪ್ರೀತಿಯೆಂದು ಹೇಳಿಕೊಳ್ಳುವ ಎಷ್ಟೋ ಪ್ರೀತಿಗಳಿಗೆ ಹೀಗೊಂದು ಹುಟ್ಟಿದ ದಿನವಿರುತ್ತದೆ.

ಬೇಗ ಉದುರುವುದರಿಂದಲೇ ಈ ಹೂವು ಜಪಾನೀಯರಿಗೆ ಪ್ರಿಯ, ಅನಿತ್ಯತೆಯೇ ಅದರ ಸಾರ, ಎಂಬ ಮಾತನ್ನು ಪುಸ್ತಕದಿಂದ ಪುಸ್ತಕಕ್ಕೆ ಬರೆದುಕೊಂಡು ಬಂದಿದ್ದಾರೆ. ಈ ಮಾತಿಗೂ ಒಂದು ಚರಿತ್ರೆಯಿದೆ, ಅದರಲ್ಲಿ ಕಹಿಯಿದೆ. ಇಪ್ಪತ್ತನೆಯ ಶತಮಾನದ ಸೇನಾಡಳಿತವು ಉದುರುವ ಎಸಳನ್ನು ಸಾಯಲು ಹೊರಟ ಯೋಧನಿಗೆ ಹೋಲಿಸಿತು. ಸೇನೆಯ ಪಾಳೆಯಗಳಲ್ಲೂ ಶಾಲೆಗಳಲ್ಲೂ ಚೆರಿಮರಗಳನ್ನು ನೆಟ್ಟರು. ೧೯೪೪ರ ಅಕ್ಟೋಬರಿನಲ್ಲಿ ವಿಮಾನದೊಡನೆ ಶತ್ರುವಿನ ಹಡಗಿಗೆ ಅಪ್ಪಳಿಸಿ ಸಾಯಲೆಂದು ಕಟ್ಟಿದ ಮೊದಲ ತುಕಡಿಗಳಲ್ಲಿ ಒಂದರ ಹೆಸರು 'ಯಾಮಾಜಕುರ', ಅಂದರೆ ಬೆಟ್ಟದ ಚೆರಿ. ೧೯೪೫ರಲ್ಲಿ ಬಳಸಿದ, ಮನುಷ್ಯನನ್ನು ಕೂರಿಸಿ ಹಾರಿಬಿಡುವ ಸಿಡಿಗುಂಡಿನ ಹೆಸರು 'ಓಕ', ಚೆರಿಯ ಹೂ. ಅವುಗಳಲ್ಲಿ ಕುಳಿತವರು ಇಪ್ಪತ್ತರ ಆಸುಪಾಸಿನ ತರುಣರು. ಹೂ ತಾನಾಗಿ ಉದುರುತ್ತದೆ. ಆ ತರುಣರನ್ನು ಉದುರಿಸಿದವರಿದ್ದರು. ಒಂದು ಮರದ ಸಹಜಧರ್ಮವನ್ನು ಮನುಷ್ಯನ ಕರ್ತವ್ಯವೆಂದು ಬೋಧಿಸಿದ ಈ ಮೋಸವನ್ನು ತಿಳಿದವನು 'ಕ್ಷಣಿಕವಾದದ್ದೇ ಸುಂದರ' ಎಂಬ ಮಾತನ್ನು ಅಷ್ಟು ಸಲೀಸಾಗಿ ಆಡಲಾರ.

ರೈತನ ಚೆರಿ ಬೇರೆ. ಜಪಾನಿನ ಈಶಾನ್ಯ ಸೀಮೆಯ ಹಳ್ಳಿಗಳಲ್ಲಿ 'ಬೀಜ ಬಿತ್ತುವ ಚೆರಿ' ಎಂದು ಕರೆಯಿಸಿಕೊಂಡ ಹಳೆಯ ಮರಗಳಿವೆ. ಬೆಟ್ಟದ ಮಗ್ಗುಲಲ್ಲಿ ಆ ಮರ ಅರಳಿದರೆ ಬತ್ತದ ಸಸಿಮಡಿಗೆ ಬೀಜ ಚೆಲ್ಲುವ ಕಾಲ ಬಂತೆಂದು ಲೆಕ್ಕ. ಅವನ ಪಾಲಿಗೆ ಹೂವು ಮುಗಿತಾಯದ ಕುರುಹಲ್ಲ, ಮೊದಲಿನ ಕುರುಹು. ನಮ್ಮಲ್ಲಿ ಯುಗಾದಿಯ ಹೊತ್ತಿಗೆ ಬೇವು ಚಿಗುರಿ ಹೂ ಬಿಟ್ಟದ್ದನ್ನು ನೋಡಿ ಒಕ್ಕಲಿಗನು ಹೊನ್ನಾರು ಕಟ್ಟುವುದನ್ನು ಬಲ್ಲವರಿಗೆ ಈ ಮರ್ಮವನ್ನು ಬಿಡಿಸಿ ಹೇಳಬೇಕಾಗಿಲ್ಲ. ಸೈಕಲ್ ಸವಾರನಿಗೆ ಅಸುಕಾದ ಬದುಗಳಲ್ಲಿ ಕಾಣಸಿಗುವುದು ಈ ಎರಡನೆಯ ಚೆರಿಯೇ. ಮರದ ಕೆಳಗೆ ಯಾರೂ ಹಾಡುತ್ತಿರುವುದಿಲ್ಲ. ಪಕ್ಕದ ಗದ್ದೆಯಲ್ಲಿ ಯಾರೋ ಟ್ರ್ಯಾಕ್ಟರನ್ನು ತಿರುಗಿಸುತ್ತಿರುತ್ತಾರೆ. ಹೂವಿನ ಕಡೆ ಅವರ ಬೆನ್ನು.

ಇಶಿಬುತಾಯಿನಿಂದ ಅಸುಕಾ ನದಿಯ ಜೊತೆಜೊತೆಗೇ ಮೇಲೇರಿದರೆ ಇನಬುಚಿ ಸಿಗುತ್ತದೆ. ಇದು ನಿಜವಾದ ಏರು. ಗೇರುಗಳಿಲ್ಲದ ಸೈಕಲ್ಲಿನವನು ಇಳಿದು ತಳ್ಳಲೇಬೇಕು; ವಿದ್ಯುತ್ತಿನ ನೆರವುಳ್ಳ ಸೈಕಲ್ಲನ್ನು ಬಾಡಿಗೆಗೆ ಪಡೆದವನು ನಸುನಗುತ್ತ ಅವನನ್ನು ದಾಟಿ ಹೋಗುತ್ತಾನೆ. ಊರ ಮುಂದೆ ನದಿಗೆ ಅಡ್ಡಲಾಗಿ ಒಂದು ದಪ್ಪ ಹುಲ್ಲುಹಗ್ಗ ತೂಗಾಡುತ್ತಿರುತ್ತದೆ. ಕೇಡು ಊರೊಳಗೆ ನುಗ್ಗದಿರಲೆಂದು ಪ್ರತಿ ವರ್ಷ ಜನವರಿಯಲ್ಲಿ ಹಳ್ಳಿಯವರು ಹೊಸದಾಗಿ ಹೊಸೆದು ಕಟ್ಟುವ ಹಗ್ಗ ಅದು. ಇನಬುಚಿಯದು ಗಂಡುಹಗ್ಗ, ಇನ್ನೂ ಮೇಲಿನ ಕಯಮೊರಿ ಎಂಬ ಊರಿನದು ಹೆಣ್ಣುಹಗ್ಗ. ಹಗ್ಗವನ್ನು ದಾಟಿ ತಲೆಯೆತ್ತಿದರೆ ಬೆಟ್ಟದ ಇಳಿಜಾರಿನಲ್ಲಿ ಮೆಟ್ಟಿಲುಮೆಟ್ಟಿಲಾಗಿ ಇಳಿದುಬರುವ ಗದ್ದೆಗಳು. ಯಾವ ಗದ್ದೆಯೂ ಚೌಕವಾಗಿಲ್ಲ, ಯಾವೆರಡೂ ಒಂದೇ ಅಳತೆಯವಲ್ಲ. ಜಪಾನಿನ ಕೃಷಿ ಇಲಾಖೆ ೧೯೯೯ರಲ್ಲಿ ಆಯ್ದ ನೂರಕ್ಕೂ ಮೀರಿದ ಮೆಟ್ಟಿಲುಗದ್ದೆಗಳ ಪಟ್ಟಿಯಲ್ಲಿ ಇವೂ ಸೇರಿವೆ. ಒಂದೆರಡು ಚೆರಿಮರಗಳು ಬದುವಿನ ಮೇಲಿವೆ. ಆದರೆ ಇಲ್ಲಿ ನಿಂತವನ ಕಣ್ಣು ಮರಕ್ಕಿಂತ ಹೆಚ್ಚಾಗಿ ಬದುವಿನ ಮೇಲೆಯೇ ಉಳಿಯುತ್ತದೆ. ನೆಲಕ್ಕೆ ಹೀಗೆ ಮೆಟ್ಟಿಲು ಕಡಿದವರ ಬೆನ್ನು ಎಷ್ಟು ನೊಂದಿರಬೇಡ!

ಆ ಬೆನ್ನುಗಳಿಗೆ ಇಂದು ವಯಸ್ಸಾಗಿದೆ. ೨೦೨೦ರ ಕೃಷಿಗಣತಿಯ ಪ್ರಕಾರ ಜಪಾನಿನಲ್ಲಿ ಬೇಸಾಯವನ್ನೇ ಮುಖ್ಯ ಕಸುಬಾಗಿ ನಡೆಸುವವರು ಸುಮಾರು ೧೩ ಲಕ್ಷ ೬೩ ಸಾವಿರ ಜನ. ಅವರ ಸರಾಸರಿ ವಯಸ್ಸು ೬೭.೮ ವರ್ಷ. ಮಕ್ಕಳು ಒಸಾಕಕ್ಕೋ ಟೋಕಿಯೊಗೋ ಹೋಗಿ ನೆಲಸಿದ್ದಾರೆ. ಮೇಲಿನ ಮೆಟ್ಟಿಲುಗಳಿಗೆ ಯಂತ್ರ ಹೋಗದು. ಒಂದು ಗದ್ದೆಯನ್ನು ಪಾಳುಬಿಟ್ಟರೆ ಅದರ ಬದು ಕುಸಿದು ಕೆಳಗಿನದನ್ನೂ ಕೆಡಿಸುತ್ತದೆ, ಬಿದಿರು ನುಗ್ಗುತ್ತದೆ, ಬಿದಿರಿನ ಹಿಂದೆ ಕಾಡುಹಂದಿ. ಅಸುಕಾದ ನೋಟವನ್ನು ಉಳಿಸಲು ೧೯೮೦ರಲ್ಲಿ ಆ ಊರಿಗೆಂದೇ ಒಂದು ವಿಶೇಷ ಕಾನೂನು ಬಂತು. ಊರವರು ಮನಬಂದ ಎತ್ತರಕ್ಕೆ, ಮನಬಂದ ಬಣ್ಣದಲ್ಲಿ ಮನೆ ಕಟ್ಟುವಂತಿಲ್ಲ. ಯಾತ್ರಿಕನ ಕಣ್ಣಿಗೆ ತಂಪಾದ ಹೆಂಚಿನ ಮಾಡುಗಳ ಬೆಲೆಯನ್ನು ತೆರುವವರು ಅಲ್ಲಿ ಬಾಳುವವರೇ. ಇಷ್ಟಾಗಿಯೂ ಕಾನೂನು ಕಟ್ಟಡವನ್ನು ತಡೆಯಬಲ್ಲದು, ಗದ್ದೆಯನ್ನು ಉಳಲಾರದು. ಅದಕ್ಕಾಗಿ ಇನಬುಚಿಯ ಜನ ೧೯೯೬ರಲ್ಲಿ ಇನ್ನೊಂದು ಉಪಾಯ ಹೂಡಿದರು. ಪಟ್ಟಣದವರು ವರ್ಷಕ್ಕಿಷ್ಟೆಂದು ಹಣ ಕೊಟ್ಟು ಒಂದೊಂದು ಗದ್ದೆಗೆ 'ಒಡೆಯ'ರಾಗುತ್ತಾರೆ. ನಾಟಿಗೂ ಕೊಯ್ಲಿಗೂ ತಾವೇ ಬಂದು ಕೆಸರಿಗಿಳಿಯುತ್ತಾರೆ. ಕಲಿಸುವವರು ಊರಿನ ಹಿರಿಯರು. ಇದರಿಂದ ಬೇಸಾಯದ ಸಮಸ್ಯೆ ಪರಿಹಾರವಾಯಿತೆಂದು ಹೇಳಲಾಗದು. ಆದರೆ ನೋಡಲು ಬಂದವರ ಕೈಗೆ ಗುದ್ದಲಿ ಕೊಟ್ಟ ಜಾಣತನ ಮೆಚ್ಚತಕ್ಕದ್ದು.

ಸೈಕಲ್ಲಿನ ಪಕ್ಷವನ್ನು ಹೀಗೆ ಹಿಡಿಯುವುದು ಬಿಡುವುಳ್ಳವರ ಷೋಕಿ ಎಂದು ಆಕ್ಷೇಪಿಸುವವರಿದ್ದಾರೆ. ಅವರ ಮಾತಿನಲ್ಲಿ ಹುರುಳಿಲ್ಲದಿಲ್ಲ. ಇನಬುಚಿಯ ಎಂಬತ್ತರ ಮುದುಕಿ ಔಷಧಕ್ಕೆ ಹೋಗಬೇಕಾದರೆ ಆಕೆಗೆ ಬೇಕಾದದ್ದು ಮೋಟಾರು, ಸೈಕಲ್ಲಲ್ಲ. ರೈತನಿಗೆ ಬೇಕಾದದ್ದು ಅವನ ಪುಟ್ಟ ಲಾರಿ. ಒಂದು ದಿನ ತುಳಿದು ಸಂಜೆಯ ರೈಲು ಹಿಡಿಯುವವನು ಅವರಿಗೆ ಉಪದೇಶ ಮಾಡಹೊರಟರೆ ನಗೆಗೀಡಾಗುತ್ತಾನೆ. ಆದರೆ ಇಲ್ಲಿನ ಪ್ರಶ್ನೆ ಹಳ್ಳಿಯವರು ಹೇಗೆ ಓಡಾಡಬೇಕೆಂಬುದಲ್ಲ, ಹೊರಗಿನಿಂದ ಬಂದವನು ಹೇಗೆ ಬರಬೇಕೆಂಬುದು. ನೂರು ಮೋಟಾರುಗಳು ನುಗ್ಗಿದರೆ ಹಳ್ಳಿಯ ದಾರಿ ಕಟ್ಟಿಕೊಳ್ಳುತ್ತದೆ, ರೈತನ ಲಾರಿ ನಿಲ್ಲುತ್ತದೆ. ನೂರು ಸೈಕಲ್ಲುಗಳು ಬದುವಿಗೆ ಸರಿದು ಅವನಿಗೆ ದಾರಿ ಬಿಡಬಲ್ಲವು. ಅದೂ ಅಲ್ಲದೆ ಸೈಕಲ್ಲಿನವನು ಹಸಿಯುತ್ತಾನೆ. ಹಸಿದವನು ಊರಿನ ಅಂಗಡಿಯಲ್ಲಿ ಅನ್ನದುಂಡೆಯನ್ನೋ ಹಣ್ಣನ್ನೋ ಕೊಳ್ಳುತ್ತಾನೆ.

ಹೂವಿನ ಹಿಂದಿರುವ ದುಡಿಮೆಗೆ ಇನ್ನೊಂದು ನಿದರ್ಶನ ದೂರದ ಉತ್ತರದಲ್ಲಿದೆ. ಚೆರಿಯನ್ನು ಕಡಿಯುವವನು ಹೆಡ್ಡ, ಉಮೆಯನ್ನು ಕಡಿಯದವನು ಹೆಡ್ಡ ಎಂದು ಜಪಾನಿನಲ್ಲೊಂದು ಗಾದೆ. ಚೆರಿಯ ಕೊಂಬೆ ಕಡಿದರೆ ಗಾಯ ಕೊಳೆತು ಮರ ಕೆಡುತ್ತದೆಂಬ ನಂಬಿಕೆ. ಹಿರೊಸಾಕಿ ಎಂಬ ಊರು ಸೇಬಿನ ತೋಟಗಳಿಗೆ ಹೆಸರಾದದ್ದು. ಅಲ್ಲಿನ ಕೋಟೆಯ ಉದ್ಯಾನದವರು ಗಾದೆಯನ್ನು ಬದಿಗಿಟ್ಟು, ಸೇಬಿನ ಮರಕ್ಕೆ ಮಾಡುವಂತೆಯೇ ಚೆರಿಯ ಹಳೆಯ ಕೊಂಬೆಗಳನ್ನು ಕಡಿದು, ಗಾಯಕ್ಕೆ ಲೇಪ ಹಚ್ಚಿ, ಬುಡಕ್ಕೆ ಗೊಬ್ಬರ ಕೊಟ್ಟರು. ಸೊಮೆಯ್ ಯೊಶಿನೊ ಅರುವತ್ತು ವರ್ಷ ಬಾಳಿದರೆ ಹೆಚ್ಚೆಂದು ಜನ ಹೇಳುತ್ತಿದ್ದಾಗ, ಅಲ್ಲಿ ೧೮೮೨ರಲ್ಲಿ ನೆಟ್ಟ ಮರ ಇಂದಿಗೂ ಹೂ ಬಿಡುತ್ತಿದೆ. ಹೀಗೆ ಆರೈಕೆ ಕಾಣದ ಕಡೆಗಳಲ್ಲಿ, ಎರಡನೆಯ ಮಹಾಯುದ್ಧದ ನಂತರ ನೆಟ್ಟ ಮರಗಳು ಒಟ್ಟಿಗೇ ಮುದಿಯಾಗುತ್ತಿವೆ. ಕೊಂಬೆಗಳ ತುದಿಯಲ್ಲಿ ಪೊರಕೆಯಂತೆ ಕಡ್ಡಿಗಳು ಗೊಂಚಲುಗಟ್ಟುವ ರೋಗ ಬಂದಿದೆ. ಹೊರದೇಶದಿಂದ ಬಂದು ೨೦೧೨ರಲ್ಲಿ ಐಚಿ ಪ್ರಾಂತದಲ್ಲಿ ಮೊದಲು ಗುರುತಿಸಲ್ಪಟ್ಟ ಕೆಂಗತ್ತಿನ ಒಂದು ಕೊರಕದ ಹುಳು ಕಾಂಡಗಳನ್ನು ಒಳಗೊಳಗೇ ತಿನ್ನುತ್ತಿದೆ. ಎಲ್ಲ ಮರಗಳೂ ಒಂದೇ ಮರವಾದ್ದರಿಂದ ಒಂದಕ್ಕೆ ತಾಗಿದ ರೋಗವನ್ನು ಇನ್ನೊಂದು ತಡೆಯಲಾರದು. ಜನರೂ ತಮಗೆ ಅರಿವಿಲ್ಲದೆ ಕೇಡು ಮಾಡುತ್ತಾರೆ: ಸಾವಿರಾರು ಪಾದಗಳು ತುಳಿದ ನೆಲ ಗಟ್ಟಿಯಾಗಿ ಬೇರುಗಳಿಗೆ ಗಾಳಿ ನೀರು ಸಿಗದಂತಾಗುತ್ತದೆ. ಹೂವಿನ ಭಕ್ತರೇ ಹೂವಿನ ಬೇರನ್ನು ಮೆಟ್ಟಿ ನಿಂತಿರುತ್ತಾರೆ.

ಇನಬುಚಿಯ ಏರನ್ನು ಹತ್ತಿದವನಿಗೆ ಇಳಿಯುವಾಗ ತುಳಿಯಬೇಕಾದದ್ದಿಲ್ಲ. ಗಾಳಿ ಕಿವಿಯಲ್ಲಿ ಹಾಡುತ್ತದೆ. ಈ ದಿನಗಳ ಚಳಿಗೆ ಜಪಾನೀ ಭಾಷೆಯಲ್ಲಿ 'ಹನಾಬಿಎ', ಅಂದರೆ ಹೂವಿನ ಚಳಿ, ಎಂಬ ಮಾತಿದೆ. ಗಾಳಿಗೆ ಎಸಳುಗಳು ಒಮ್ಮೆಗೇ ಹಾರುವುದಕ್ಕೆ 'ಹನಾಫುಬುಕಿ', ಹೂವಿನ ಹಿಮಗಾಳಿ. ಉದುರಿದ ಎಸಳುಗಳು ನೀರಿನ ಮೇಲೆ ಕೂಡಿ ತೇಲುವುದಕ್ಕೆ 'ಹನಾಯಿಕಾದ', ಹೂವಿನ ತೆಪ್ಪ. ಒಂದು ವಾರದ ಹೂವಿಗೆ ಇಷ್ಟು ಹೆಸರುಗಳು!

ಬಯಲಿಗಿಳಿದರೆ ಅಸುಕಾದೆರಾ. ೫೮೮ರಲ್ಲಿ ಕಟ್ಟಲಾರಂಭಿಸಿದ ಈ ದೇವಾಲಯ ಜಪಾನಿನ ಮೊದಲ ದೊಡ್ಡ ಬೌದ್ಧವಿಹಾರ. ೧೧೯೬ರಲ್ಲಿ ಸಿಡಿಲಿನ ಬೆಂಕಿಗೆ ವಿಹಾರ ಉರಿದುಹೋಯಿತು. ೬೦೯ರಲ್ಲಿ ಎರಕಹೊಯ್ದ ಬುದ್ಧನ ಕಂಚಿನ ಮೂರ್ತಿ ಬೆಂಕಿಯಲ್ಲಿ ಬೆಂದು, ತೇಪೆ ಹಾಕಿಸಿಕೊಂಡು, ಮುಖದ ತುಂಬ ಗಾಯದ ಗೆರೆಗಳನ್ನು ಹೊತ್ತು, ತಾನಿದ್ದ ಜಾಗದಲ್ಲೇ ಇಂದೂ ಕುಳಿತಿದೆ. ಕಪಿಲವಸ್ತುವಿನ ರಾಜಕುಮಾರನ ಮುಖ ಕೊರಿಯಾದ ದಾರಿಯಾಗಿ ಈ ಗದ್ದೆಗಳ ನಡುವೆ ಬಂದು ನೆಲೆಸಿದ ಕಥೆ ಭಾರತೀಯ ಸವಾರನನ್ನು ಒಂದು ಗಳಿಗೆ ನಿಲ್ಲಿಸದಿರದು. ಇಲ್ಲಿಂದ ಸುಮಾರು ಇಪ್ಪತ್ತೈದು ಕಿಲೋಮೀಟರು ಉತ್ತರಕ್ಕಿರುವ ನಾರಾ ನಗರದಲ್ಲಿ ೭೫೨ರಲ್ಲಿ ಮಹಾಬುದ್ಧನ ಮೂರ್ತಿಗೆ ಕಣ್ಣು ಬರೆದವನು ಭಾರತದಿಂದ ಹೋದ ಬೋಧಿಸೇನ ಎಂಬ ಭಿಕ್ಷು. ಅವನ ಕಾಲಕ್ಕೆ ಸೈಕಲ್ಲಿರಲಿಲ್ಲ. ಆದರೆ ಅವಸರವೂ ಇರಲಿಲ್ಲ.

ಬಾಡಿಗೆಯ ಸೈಕಲ್ಲನ್ನು ಸಂಜೆ ಐದರೊಳಗೆ ಒಪ್ಪಿಸಬೇಕೆಂಬುದು ಅಂಗಡಿಗಳ ಸಾಮಾನ್ಯ ನಿಯಮ. ಹೊತ್ತು ಉಳಿದಿದ್ದರೆ ಅಮಕಾಶಿ ಗುಡ್ಡವನ್ನು ಹತ್ತಬಹುದು. ಎತ್ತರ ನೂರೈವತ್ತು ಮೀಟರಿಗೂ ಕಡಿಮೆ. ಆದರೂ ಅಲ್ಲಿಂದ ಬಯಲಿನಲ್ಲಿ ಮೂರು ಗುಡ್ಡಗಳು, ಉನೆಬಿ, ಮಿಮಿನಾಶಿ, ಕಾಗುಯಾಮ, ಮೂರು ಕಲಶಗಳನ್ನು ಬೋರಲಿಟ್ಟಂತೆ ಕಾಣುತ್ತವೆ. ಹೊಗೆಯಂಥ ಚೆರಿಮರಗಳು ಅಲ್ಲೊಂದು ಇಲ್ಲೊಂದು. ದಿನವಿಡೀ ತುಳಿದ ದಾರಿ ಹದಿನೈದು ಕಿಲೋಮೀಟರಿಗೆ ಹೆಚ್ಚೇನೂ ಇರಲಾರದು. ಮೋಟಾರಿಗೆ ಅದು ಅರ್ಧ ಗಂಟೆಯ ಮಾತು. ಗುಡ್ಡದ ಬುಡದಲ್ಲಿ ಗದ್ದೆಯ ಕಾಲುವೆಗಳಿವೆ. ಬೇಸಾಯ ಆರಂಭವಾಗುವ ಮುನ್ನ ಕಾಲುವೆಯ ಹೂಳೆತ್ತುವುದು ಜಪಾನಿನ ಹಳ್ಳಿಗಳಲ್ಲಿ ಊರವರೆಲ್ಲ ಸೇರಿ ಮಾಡುವ ಕೆಲಸ. ಅಂಥ ದಿನ ರಬ್ಬರ್ ಬೂಟು ತೊಟ್ಟ ಮುದುಕರು ಸಾಲಾಗಿ ನಿಂತು ಕೆಸರನ್ನು ಬಾಚುತ್ತಾರೆ. ಮೇಲಿನಿಂದ ತೇಲಿಬಂದ ಎಸಳುಗಳು ತೂಬಿನ ಬಾಯಿಗೆ ಅಂಟಿ ನೀರನ್ನು ತಡೆದಿರುತ್ತವೆ. ಅವರು ಅವನ್ನೂ ಅದೇ ಸಲಿಕೆಯಿಂದ ಎತ್ತಿ ದಡಕ್ಕೆ ಹಾಕುತ್ತಾರೆ.